ಹಿಕರಿ ಮರ ತೊಗಟೆ ಬಿಚ್ಚಿದ್ದು

ಆಗ ಲೋಕ ಹೊಸದು. ಹೊಳೆಗೆ ತನ್ನ ದಾರಿ ಇನ್ನೂ ರೂಢಿಯಾಗಿರಲಿಲ್ಲ. ಯಾವ ಮರವನ್ನು ಎಷ್ಟು ಅಲ್ಲಾಡಿಸಬೇಕು ಎಂಬುದು ಗಾಳಿಗೆ ತಿಳಿದಿರಲಿಲ್ಲ. ಮರಗಳಿಗೆಲ್ಲ ಒಂದೇ ಥರದ ನುಣುಪು ತೊಗಟೆ.

ಕಡಲಾಚೆ, ಈಗ ಉತ್ತರ ಅಮೆರಿಕ ಅನ್ನುವ ನೆಲದಲ್ಲಿ, ಒಂದು ಹೊಳೆದಂಡೆ. ದಂಡೆಯ ಮೇಲೆ ಎರಡು ಹಿಕರಿ ಮರ. ಹಿಕರಿ ನಮ್ಮ ಕಡೆ ಬೆಳೆಯುವುದಿಲ್ಲ. ಅದು ಅಕ್ರೋಟಿನ ನೆಂಟ. ಕಾಯಿಗೆ ಹೊರಗೆ ಹಸಿರು ಸಿಪ್ಪೆ, ಒಳಗೆ ಗಟ್ಟಿ ಓಡು, ಓಡಿನೊಳಗೆ ತಿರುಳು.

ಒಂದು ಮೂಡಣಕ್ಕೆ ನಿಂತಿತ್ತು. ಇನ್ನೊಂದು ಪಡುವಣಕ್ಕೆ. ಕೊಂಬೆಗಳು ಹೆಣೆದುಕೊಂಡಿದ್ದವು. ಎತ್ತರ ಒಂದೇ, ಎಲೆ ಒಂದೇ, ಕಾಯಿಯ ಆಕಾರ ಒಂದೇ. ಕಾಯಿ ಉದುರಿದರೆ ಎರಡರದೂ ಒಂದೇ ರಾಶಿ.

ಪಕ್ಕದ ಓಕ್ ಮರದ ಪೊಟರೆಯಲ್ಲಿ ಬೂದವ್ವ ಎಂಬ ಅಳಿಲು ಇದ್ದಳು. ನಮ್ಮ ಅಳಿಲಿನ ಹಾಗೆ ಬೆನ್ನಿಗೆ ಗೆರೆ ಇಲ್ಲ. ಮೈಯೆಲ್ಲ ಬೂದಿ ಬಣ್ಣ. ಬಾಲವೇ ಒಂದು ಕಂಬಳಿ. ಆ ವರ್ಷ ತಡವಾಗಿ ಮರಿ ಹಾಕಿದ್ದಳು. ಮೂರು ಮರಿ. ಕೊನೆಯವಳು ಗಿಡ್ಡಿ, ಒಣಗಿದ ಎಲೆಯಷ್ಟು ಹಗುರ.

ಅಳಿಲುಗಳದ್ದು ಒಂದು ಕಟ್ಟುಪಾಡು. ಚಳಿಗಾಲಕ್ಕೆ ಹೂಳುವ ಕಾಯಿಗೆ ಹಲ್ಲು ತಾಗಿಸಬಾರದು. ಓಡು ಬಿರಿದರೆ ಕಾಯಿ ಮಣ್ಣಿನಲ್ಲಿ ಕೊಳೆಯುತ್ತದೆ. ಹಾಗಾಗಿ ಕೂಡಿಟ್ಟ ಕಾಯಿಯ ರುಚಿ ಕೂಡಿಟ್ಟವರಿಗೇ ಗೊತ್ತಿರುವುದಿಲ್ಲ.

ಬೂದವ್ವ ರಾಶಿಯಿಂದ ಒಂದೇ ಒಂದು ಕಾಯಿ ಒಡೆದು ತಿಂದಳು. ಬೆಣ್ಣೆಯ ಹಾಗಿತ್ತು. ಎಲ್ಲವೂ ಹೀಗೇ ಇರುತ್ತದೆ ಅಂದುಕೊಂಡಳು. ಸಿಪ್ಪೆ ಸಮೇತ ಹೂಳತೊಡಗಿದಳು. ಗುಂಡಿಗೊಂದು ಕಾಯಿ. ಎಲೆ ಉದುರುವವರೆಗೂ ಹೂಳಿದಳು.

ಇಬ್ಬನಿ ಹೆಪ್ಪುಗಟ್ಟಿದ ಮೊದಲ ಬೆಳಿಗ್ಗೆ, ಮರಿಗಳಿಗೆಂದು ಒಂದು ಗುಂಡಿ ಕೆದರಿದಳು. ಕಾಯಿ ಒಡೆದು ಗಿಡ್ಡಿಯ ಬಾಯಿಗಿಟ್ಟಳು.

ಗಿಡ್ಡಿ ಉಗುಳಿದಳು. "ಥೂ! ಕಹಿ, ಅವ್ವಾ!"

"ರಂಪ ಮಾಡಬೇಡ. ತಿನ್ನು."

"ನೀನೇ ತಿನ್ನು."

ಬೂದವ್ವ ತಿಂದಳು. ನಾಲಿಗೆ ಮುದುರಿಹೋಯಿತು. ಇನ್ನೊಂದು ಗುಂಡಿ ಕೆದರಿದಳು. ಸಿಹಿ. ಇನ್ನೊಂದು. ಕಹಿ. ಮತ್ತೊಂದು. ಅದೂ ಕಹಿ.

ಬಾಲ ನೆಟ್ಟಗೆ ನಿಂತಿತು. "ಯಾರೋ ಬದಲಾಯಿಸಿದ್ದಾರೆ," ಅಂದಳು.

ಅದು ಸಣ್ಣ ಮಾತಲ್ಲ. ಹಿಮ ಬಿದ್ದ ಮೇಲೆ ಒಂದು ಗುಂಡಿ ಕೆದರುವುದೆಂದರೆ ಮೈಯ ಕಸುವೆಲ್ಲ ಖರ್ಚು. ಅಷ್ಟು ಕೆದರಿ ಕಹಿ ಸಿಕ್ಕಿದರೆ ಆ ದಿನ ಮರಿಗಳಿಗೆ ಉಪವಾಸ. ಎರಡು ದಿನ ಹಾಗಾದರೆ ಗಿಡ್ಡಿ ಉಳಿಯುವುದಿಲ್ಲ.

ಓಕ್ ಮರದ ತುದಿಯಲ್ಲಿ ನೀಲಪ್ಪ ಕೂತಿದ್ದ. ನೀಲಿ ಪುಕ್ಕದ ಹಕ್ಕಿ. ಕದಿಯುವುದು ಅವನ ಕಸುಬು. ಕಾಡಿಗೆಲ್ಲ ಗೊತ್ತು.

"ಏ ನೀಲಪ್ಪ, ಇಳಿ ಕೆಳಗೆ. ನನ್ನ ಕಾಯಿ ಬದಲಾಯಿಸಿದವನು ನೀನೇ."

"ಕದ್ದಿದ್ದೇನೆ ಬೂದಕ್ಕ. ಸುಳ್ಳು ಹೇಳೋದಿಲ್ಲ. ಆದರೆ ಕದ್ದ ಜಾಗದಲ್ಲಿ ಬೇರೆ ಕಾಯಿ ಇಟ್ಟು ಬರೋದಕ್ಕೆ ನನಗೇನು ತಲೆ ಕೆಟ್ಟಿದೆಯೇ?"

"ಕೊಕ್ಕು ತೋರಿಸು."

ನೀಲಪ್ಪ ಕೊಕ್ಕು ಚಾಚಿದ. ಬೂದವ್ವ ಮೂಸಿದಳು. ಬರೀ ಮಣ್ಣಿನ ವಾಸನೆ, ಕಹಿಯದ್ದಿಲ್ಲ. ಆದರೂ ಅವಳು ನಂಬಲಿಲ್ಲ. ಹೊಳೆಯ ಕಡೆಗೆ ನಡೆದಳು.

"ಹೊಳೆಯವ್ವ, ರಾತ್ರಿ ಉಕ್ಕಿ ಬಂದು ನನ್ನ ಗುಂಡಿಗಳಿಗೆ ಕಹಿ ಸುರಿದೆಯಾ?"

"ನಾನು ಮೇಲೇರಿ ಬಂದಿದ್ದರೆ ನಿನ್ನ ಗುಂಡಿ ಉಳೀತಿತ್ತಾ ಮಗಳೇ? ಕುಡಿದು ನೋಡು. ಕಹಿ ಇದ್ದರೆ ಆಮೇಲೆ ಬೈ."

ಬೂದವ್ವ ಕುಡಿದಳು. ತಣ್ಣಗಿತ್ತು, ಅಷ್ಟೆ. ಆದರೂ ನಂಬಲಿಲ್ಲ. ಇನ್ನೊಂದು ಗುಟುಕು ಕುಡಿದಳು.

ಗಾಳಿ ಬಡಗಣದಿಂದ ಬಂತು.

"ಗಾಳಿಮಾವ, ನೀನಾ?"

"ನಾನು ಉದುರಿಸೋನು, ಹೂಳೋನಲ್ಲ," ಅಂತು ಗಾಳಿ. "ನೆಲ ಮೂಸಿದ್ದು ಸಾಕು. ಕಾಯಿ ಎಲ್ಲಿಂದ ಬಿತ್ತೋ ಅಲ್ಲಿ ಕೇಳು. ಬೇಗ ಕೇಳು. ಹಿಮ ನನ್ನ ಬೆನ್ನ ಹಿಂದೇ ಇದೆ. ಸಂಜೆಗೆ ಇಲ್ಲಿ ಇಳಿಸಬೇಕು."

ಬೂದವ್ವ ತಲೆ ಎತ್ತಿದಳು. ಎರಡು ಹಿಕರಿ. ಮರದ ಮೇಲೆ ಒಂದೂ ಕಾಯಿ ಉಳಿದಿರಲಿಲ್ಲ. ಹತ್ತಿ ಕಿತ್ತು ರುಚಿ ನೋಡುವ ಹಾಗಿಲ್ಲ. ಕೆಳಗೆ ರಾಶಿ ಇನ್ನೂ ಬೇಕಾದಷ್ಟಿತ್ತು. ಯಾವುದು ಯಾರದ್ದೋ ತಿಳಿಯದು.

"ನಿಮ್ಮಲ್ಲಿ ಒಬ್ಬಳು ಕಹಿ," ಅಂದಳು.

ಪಡುವಣದ ಹಿಕರಿ ಕೊಂಬೆ ಬಾಗಿಸಿತು. "ಬಾ ತಂಗಿ, ಬಾ. ಮುಖ ಎಷ್ಟು ಬಾಡಿದೆ! ಮರಿಗಳು ಚೆನ್ನಾಗಿವೆಯಾ? ಗಿಡ್ಡಿಯ ಕೆಮ್ಮು ಹೋಯಿತಾ? ನನ್ನ ಕಾಯಿ ಜೇನು ತಂಗಿ, ಜೇನು. ಪಕ್ಕದವಳ ಬಗ್ಗೆ ನಾನು ಆಡಬಾರದು. ಆದರೆ ಅವಳು ಯಾವತ್ತಾದರೂ ನಿನ್ನನ್ನು ಮಾತಾಡಿಸಿದ್ದಾಳಾ?"

ಇಲ್ಲ. ಮೂಡಣದ ಹಿಕರಿ ಯಾರನ್ನೂ ಮಾತಾಡಿಸುತ್ತಿರಲಿಲ್ಲ.

ಬೂದವ್ವ ಅದರ ಬುಡಕ್ಕೆ ಹೋದಳು. "ಏನಕ್ಕ, ನಿನ್ನ ಕಾಯಿ ಸಿಹಿಯೋ ಕಹಿಯೋ?"

"ಸಿಹಿ."

"ಗ್ಯಾರಂಟಿ ಏನು?"

"ಹೇಳಿದೆನಲ್ಲ."

"ಅಷ್ಟೇನಾ?"



ನೀಲಪ್ಪ ಮೇಲಿಂದ ನಕ್ಕ. "ಕೆಮ್ಮು ಕೇಳಿದವಳನ್ನು ಬಿಟ್ಟು ಈ ಮೂಗಿಯ ಹತ್ತಿರ ಏನು ಕೆಲಸ ಬೂದಕ್ಕ?"

ಬೂದವ್ವನಿಗೂ ಹಾಗೇ ಅನಿಸಿತು. ಪಡುವಣದ ಕಡೆ ಎರಡು ಹೆಜ್ಜೆ ಇಟ್ಟಳು. ಅಲ್ಲಿಗೆ ನಿಂತಳು. ಗಿಡ್ಡಿಗೆ ಕೆಮ್ಮು ಬಂದಿರಲೇ ಇಲ್ಲ.

ಬಾಲ ಮತ್ತೆ ನೆಟ್ಟಗಾಯಿತು. ಒಬ್ಬಳು ಮಾತಾಡುವುದಿಲ್ಲ. ಇನ್ನೊಬ್ಬಳು ಇಲ್ಲದ್ದನ್ನು ಮಾತಾಡುತ್ತಾಳೆ. ಇಬ್ಬರನ್ನೂ ನಂಬುವ ಹಾಗಿಲ್ಲ.

"ಇಬ್ಬರೂ ಅಂಗಿ ಬಿಚ್ಚಿ," ಅಂದಳು.

"ಅಂಗಿಯಾ?" ಅಂತು ಪಡುವಣದ ಹಿಕರಿ.

"ತೊಗಟೆ. ಮೇಲಿಂದ ಕೆಳಗೆ ಬಿಗಿದುಕೊಂಡು ನಿಂತಿದ್ದೀರಿ. ಒಳಗೆ ಏನಿದೆ ನೋಡಬೇಕು. ಬಿಚ್ಚಿದವಳ ಕಾಯಿ ಹೂಳುತ್ತೇನೆ."

"ಅಯ್ಯೋ ತಂಗಿ, ಹಿಮ ಬರುವ ಹೊತ್ತು! ಈ ಚಳಿಗೆ ಯಾರಾದರೂ ಮೈ ಬಿಚ್ಚುತ್ತಾರಾ? ಹೆಂಗಸು ನಾನು. ಮಾನ ಮರ್ಯಾದೆ ಬೇಡವಾ? ವಸಂತ ಬರಲಿ, ನಿಧಾನವಾಗಿ ತೋರಿಸುತ್ತೇನೆ. ಅವಳನ್ನು ಕೇಳು ಮೊದಲು. ಅವಳೂ ಬಿಚ್ಚುವುದಿಲ್ಲ. ನೋಡುತ್ತಿರು."

ಬಡಗಣದ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಪೊಟರೆಯಿಂದ ಗಿಡ್ಡಿ ಅಳುವುದು ಕೇಳಿಸಿತು. ಬೆಳಗಿನ ಆ ಒಂದು ಸಿಹಿ ಕಾಯಿಯ ಪಾಲು ಬಿಟ್ಟರೆ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಮೂಡಣದ ಹಿಕರಿಯೂ ಕೇಳಿಸಿಕೊಂಡಿತು.

ಆಗ ಚಟ್ ಎಂದು ಸದ್ದಾಯಿತು. ಬೂದವ್ವ ಹಾರಿ ಹಿಂದಕ್ಕೆ ಬಿದ್ದಳು. ಮರದ ತೊಗಟೆ ಉದ್ದಕ್ಕೆ ಸೀಳಿತ್ತು. ಮತ್ತೆ ಚಟ್. ಪಟ್ಟಿ ಪಟ್ಟಿಯಾಗಿ ಎದ್ದಿತು. ಮೇಲಿನ ತುದಿ ಎದ್ದಿತು, ಕೆಳಗಿನ ತುದಿ ಎದ್ದಿತು. ನಡುವೆ ಮಾತ್ರ ಮೈಗೆ ಅಂಟಿಕೊಂಡು ನಿಂತಿತು. ಬುಡದಿಂದ ನೆತ್ತಿಯವರೆಗೆ ಮರ ಬಿಚ್ಚಿಕೊಂಡಿತು. ಗಾಳಿ ಒಳಗೆ ನುಗ್ಗಿತು. ಮರ ಒಮ್ಮೆ ನಡುಗಿತು.

ಬೂದವ್ವ ಹತ್ತಿದಳು. ಒಂದೊಂದು ಪಟ್ಟಿಯ ಕೆಳಗೂ ಮೂತಿ ತೂರಿಸಿ ನೋಡಿದಳು. ಏನೂ ಇರಲಿಲ್ಲ. ಬಚ್ಚಿಟ್ಟದ್ದು ಏನೂ ಇರಲಿಲ್ಲ.

"ಮೈ ಬಿಚ್ಚಿದರಾಯಿತೇ?" ಅಂತು ಪಡುವಣದ ಹಿಕರಿ. "ಕೆಳಗಿರುವ ಕಾಯಿ? ಅದರಲ್ಲಿ ಯಾವುದು ಅವಳದ್ದು? ಹೇಗೆ ಗುರುತಿಸುತ್ತೀ?"

ಮಾತು ನಿಜವೇ. ಬೂದವ್ವ ಕೆಳಗೆ ನೋಡಿದಳು. ಅಷ್ಟರಲ್ಲಿ ರಾಶಿಯೊಳಗೂ ಸದ್ದು ಶುರುವಾಯಿತು. ಚಟ್. ಚಟ್. ಮೂಡಣದ ಹಿಕರಿಯ ಕಾಯಿಗಳು ತಾಯಿಯ ಹಾಗೆಯೇ ಬಿಚ್ಚಿಕೊಳ್ಳುತ್ತಿದ್ದವು. ದಪ್ಪ ಸಿಪ್ಪೆ ತೊಟ್ಟಿನವರೆಗೂ ನಾಲ್ಕು ಹೋಳಾಗಿ ಬೀಳುತ್ತಿತ್ತು. ನಡುವೆ ಬಿಳಿ ಓಡು.

ಪಡುವಣದ ಹಿಕರಿಗೆ ಗಾಬರಿಯಾಯಿತು. ತನ್ನವೂ ಬಿಚ್ಚದಿದ್ದರೆ ಸಿಕ್ಕಿಬೀಳುತ್ತೇನೆ ಅಂದುಕೊಂಡಿತು. ಬಿಚ್ಚಿದರೆ ಒಳಗಿನದ್ದು ಗೊತ್ತಾಗುತ್ತದೆ ಅಂದುಕೊಂಡಿತು. ಬಿಚ್ಚಲೋ ಬೇಡವೋ ಅನ್ನುವುದರೊಳಗೆ ಅದರ ಕಾಯಿಯ ತೆಳು ಸಿಪ್ಪೆ ತುದಿಯಿಂದ ಅರ್ಧ ಬಿರಿಯಿತು. ಅಲ್ಲಿಗೆ ನಿಂತಿತು. ಹೆದರಿಕೆಗೆ ಕೊಂಬೆಯ ತುದಿಯ ಮೊಗ್ಗುಗಳೆಲ್ಲ ಅರಿಸಿನ ಹಳದಿಯಾದವು.

ಬೂದವ್ವ ನಾಲ್ಕು ಹೋಳಾದದ್ದೊಂದು ತೆಗೆದು ಕಚ್ಚಿದಳು. ಸಿಹಿ. ಅರ್ಧ ಬಿರಿದದ್ದೊಂದು ಕಚ್ಚಿದಳು. ಕಹಿ.

ಆದರೂ ನಂಬಲಿಲ್ಲ. ನಾಲ್ಕು ಹೋಳಾದದ್ದು ಇನ್ನೊಂದು ಕಚ್ಚಿದಳು. ಸಿಹಿ. ಮತ್ತೊಂದಕ್ಕೆ ಕೈ ಹಾಕಿದಳು.

"ಸಾಕು," ಅಂತು ಮೂಡಣದ ಹಿಕರಿ. "ಎಲ್ಲ ಒಡೆದರೆ ಹೂಳುವುದು ಯಾವುದನ್ನ?"

ಬೂದವ್ವ ಒಡೆದದ್ದನ್ನು ಪೊಟರೆಗೆ ಒಯ್ದಳು. ಗಿಡ್ಡಿ ಮೂಸಿದಳು, ಅವ್ವನ ಮುಖ ನೋಡಿದಳು, ಮತ್ತೆ ಮೂಸಿದಳು. ಆಮೇಲೆ ತಿಂದಳು. ಬೂದವ್ವ ಕೆಳಗೆ ಓಡಿದಳು. ಓಡಿದಳು, ಕೆದರಿದಳು, ಹೂಳಿದಳು. ಅರ್ಧ ಬಿರಿದದ್ದನ್ನು ಕಾಲಲ್ಲಿ ತಳ್ಳಿದಳು, ನಾಲ್ಕು ಹೋಳಾದದ್ದನ್ನು ಹೂಳಿದಳು. ನೀಲಪ್ಪ ಕೆಳಗಿಳಿದು ಒಂದು ಹಾರಿಸಿಕೊಂಡು ಹೋದ. ಅವನು ಕದ್ದ ಕಾಯಿಯೂ ಸಿಹಿಯದ್ದೇ. ಕೊನೆಯ ಗುಂಡಿ ಮುಚ್ಚಿದಾಗ ಮೊದಲ ಹಿಮ ಅವಳ ಮೂಗಿನ ಮೇಲೆ ಬಿತ್ತು.

ಆಗ ಅವಳಿಗೆ ಮರದ ನೆನಪಾಯಿತು.

"ಅಕ್ಕ, ಇನ್ನು ಮುಚ್ಚಿಕೋ. ಚಳಿ."

ಮರ ಯತ್ನಿಸಿತು. ಪಟ್ಟಿಗಳು ಮುಚ್ಚಲಿಲ್ಲ. ಗಾಳಿ ತಾಗಿ ಬಿರುಸಾಗಿಬಿಟ್ಟಿದ್ದವು.

"ಆಗುತ್ತಿಲ್ಲ," ಅಂತು.

"ನಾನು ಅನುಮಾನ ಪಟ್ಟಿದ್ದಕ್ಕೆ ಹೀಗಾಯಿತು."

"ಹೂಂ."

"ಕೋಪವಾ?"

"ಮರಿ ತಿಂದಳಾ?"

"ತಿಂದಳು."

"ಹಾಗಾದರೆ ಹೋಗು. ಹಿಮ ಬೀಳುತ್ತಿದೆ."

ಆ ಚಳಿಗಾಲ ಬೂದವ್ವ ಕೆದರಿದ ಹೊಸ ಗುಂಡಿ ಒಂದೂ ಕಹಿಯಾಗಲಿಲ್ಲ. ಗಿಡ್ಡಿ ಉಳಿದಳು. ಅಣ್ಣಂದಿರಿಗಿಂತ ದಪ್ಪಗೂ ಆದಳು.

ವಸಂತ ಬಂತು. ಯಾರ ಮಾತು ಎಷ್ಟೋ ಅವರ ಎಲೆಯೂ ಅಷ್ಟೇ. ಮೂಡಣದ ಹಿಕರಿ ಒಂದು ತೊಟ್ಟಿಗೆ ಐದೇ ಎಲೆ ಬಿಟ್ಟಿತು. ಪಡುವಣದ ಹಿಕರಿ ಏಳು ಬಿಟ್ಟಿತು, ಸಾಲದೆ ಕೆಲವು ಕಡೆ ಒಂಬತ್ತು ಬಿಟ್ಟಿತು. ಮೊಗ್ಗಿನ ಹಳದಿ ಮಾತ್ರ ಹೋಗಲಿಲ್ಲ. ಬೇಸಿಗೆಯಲ್ಲಿ ಸಣ್ಣ ಬಾವಲಿಗಳು ಮಲಗಲು ಜಾಗ ಹುಡುಕುತ್ತ ಬಂದವು. ಮೂಡಣದ ಹಿಕರಿಯ ಎದ್ದ ಪಟ್ಟಿಗಳ ಕೆಳಗೆ ನುಸುಳಿಕೊಂಡವು. ಮರ ಬೇಡ ಅನ್ನಲಿಲ್ಲ.

ಬೂದವ್ವ ಅದನ್ನೂ ದೂರದಿಂದ ನೋಡಿದಳು. ಬಾವಲಿಗಳು ಅಲ್ಲಿ ಏನು ಬಚ್ಚಿಡುತ್ತಿವೆಯೋ ಎಂದು ಹತ್ತಿ ಮೂಸಿಯೂ ಬಂದಳು.

ಅದಕ್ಕೇ ಆ ಕಾಡುಗಳಲ್ಲಿ ಇವತ್ತಿಗೂ ಸಿಹಿ ಹಿಕರಿಯ ತೊಗಟೆ ಎರಡು ತುದಿ ಎದ್ದ ಉದ್ದುದ್ದ ಪಟ್ಟಿಯಾಗಿ ನೇತಾಡುತ್ತದೆ, ಮತ್ತು ಅದರ ಬುಡದಲ್ಲಿ ಕೂತ ಬೂದು ಅಳಿಲು ಕಾಯಿಯನ್ನು ಮುಂಗೈಯಲ್ಲಿ ತಿರುಗಿಸಿ, ಮೂಸಿ, ಮತ್ತೆ ತಿರುಗಿಸಿ, ಒಮ್ಮೆ ನಿನ್ನ ಕಡೆಗೂ ಅನುಮಾನದಿಂದ ನೋಡಿ, ಆಮೇಲೆಯೇ ಹೂಳುತ್ತದೆ.