ನಲವತ್ತು ಜೋಡಿ ಚಪ್ಪಲಿ

“ಭಂತೆ, ನಾನು ಧ್ಯಾನಕ್ಕೆ ಕೂರಲು ತೊಡಗಿ ಮೂರು ತಿಂಗಳಾಯಿತು. ಈಗ ಪಕ್ಕದಲ್ಲೇ ಪಾತ್ರೆ ಬಿದ್ದರೂ ಮನಸ್ಸು ಕದಲುವುದಿಲ್ಲ. ತಲುಪಬೇಕಾದಲ್ಲಿಗೆ ತಲುಪಿದ್ದೇನೆಯೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಬೆಟ್ಟದ ಇಳಿಜಾರಿನಲ್ಲಿ ಬುದ್ಧನ ಗುಡಿಯೊಂದಿತ್ತು. ಅದರ ಹಿಂದೆ ವಿಹಾರ. ಜನ ಇನ್ನೂರು ಮೆಟ್ಟಿಲು ಹತ್ತಿ ಹತ್ತು ದಿನದ ಮೌನಕ್ಕೆ ಬರುತ್ತಿದ್ದರು. ಧ್ಯಾನಮಂದಿರದ ಹೊರಗೆ ಚಪ್ಪಲಿಗಳನ್ನು ಸಾಲಾಗಿ ಬಿಡಬೇಕು. ಬಾಗಿಲ ಪಕ್ಕದ ಮೊದಲ ಜೋಡಿ ಹಿರಿಯ ಭಿಕ್ಷುವಿನದು. ಒಳಗೆ ಅವರು ಕಲಿಸುತ್ತಿದ್ದುದು ಇಷ್ಟೇ: ಏನೇ ಕೇಳಿಸಲಿ, ಮನಸ್ಸಿನಲ್ಲಿ ‘ಶಬ್ದ’ ಎಂದುಕೊಳ್ಳಿ, ಉಸಿರಿಗೆ ಮರಳಿ. ಗಂಟೆ ಬಾರಿಸುವ ತನಕ ಏಳಬೇಡಿ.

ಅಲ್ಲಿಗೆ ಒಬ್ಬ ವರ್ತಕ ಬಂದ. ಹತ್ತು ದಿನದಲ್ಲಿ ಶಾಂತಿ ಸಿಗುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು.

ಅಡುಗೆ ಮಾಡುವುದು, ಬಂಡೆಯ ನಡುವಿನ ಆಳವಾದ ದೊಣೆಯಿಂದ ನೀರು ತರುವುದು, ಮಧ್ಯಾಹ್ನಕ್ಕೆ ಮುಂಚೆ ಊಟದ ಗಂಟೆ ಬಾರಿಸುವುದು ಒಬ್ಬ ಹೆಂಗಸಿನ ಕೆಲಸವಾಗಿತ್ತು. ಅವಳಿಗೆ ಮೌನದ ನಿಯಮವಿರಲಿಲ್ಲ. ಮೊದಲ ದಿನ ವರ್ತಕನ ತಟ್ಟೆಗೆ ಅನ್ನ ಬಡಿಸುತ್ತ ಅವಳು ಕೇಳಿದಳು: “ಬಾಯಿ ಮುಚ್ಕೊಂಡಿರೋಕೆ ಇಷ್ಟು ದೂರ ಬಂದ್ರಾ ಸಾಹುಕಾರ್ರೇ? ನನಗೆ ಅತ್ತೆ ಮನೇಲಿ ಅದು ಪುಕ್ಕಟೆ ಸಿಕ್ತಿತ್ತು.”

ವರ್ತಕನಿಗೆ ನಗು ಬಂತು. ನಿಯಮ ನೆನಪಾಯಿತು. ‘ಶಬ್ದ’ ಎಂದುಕೊಂಡ.

ಆಮೇಲೆ ಕಾಗೆ ಕೂಗಿತು. ಪಕ್ಕದವನ ಹೊಟ್ಟೆ ಗುಡುಗುಟ್ಟಿತು. ಮೂರು ದಿನ ಎಲ್ಲವೂ ಅವನನ್ನು ಕಾಡಿತು. ಆರನೆಯ ದಿನಕ್ಕೆ ಕಡಿಮೆಯಾಯಿತು. ಎಂಟನೆಯ ದಿನ ಅವನು ಕಲ್ಲಿನಂತೆ ಕುಳಿತ.

ಆ ದಿನವೇ ಹೆಂಗಸು ಪಾಚಿಯ ಮೇಲೆ ಜಾರಿ ದೊಣೆಗೆ ಬಿದ್ದಳು. ಕೂಗಿದಳು. ಮಂದಿರದಲ್ಲಿ ನಲವತ್ತು ಜನರಿದ್ದರು. ನಲವತ್ತು ಜನರೂ ‘ಶಬ್ದ’ ಎಂದುಕೊಂಡರು. ಅವಳು ಇನ್ನೊಮ್ಮೆ ಕೂಗಿದಳು. ಉಸಿರಿಗೆ ಮರಳಿದರು.

ಕೆಳಗಿನ ಇಳಿಜಾರಿನಲ್ಲಿ ಒಬ್ಬ ಮೇಕೆ ಮೇಯಿಸುತ್ತಿದ್ದ. ಅವನಿಗೆ ಧ್ಯಾನ ಗೊತ್ತಿರಲಿಲ್ಲ, ಓಡಿ ಬಂದ. ಬಾಗಿಲಲ್ಲಿ ಚಪ್ಪಲಿಗಳ ಸಾಲು ಕಂಡು, “ಒಳಗೆ ಯಾರಾದ್ರೂ ಇದ್ದೀರೇನ್ರಪ್ಪಾ?” ಎಂದು ಕಿರುಚಿದ. ಒಬ್ಬನೂ ತಿರುಗಲಿಲ್ಲ. ಕಾಯುವಷ್ಟು ಹೊತ್ತಿರಲಿಲ್ಲ. ಒಬ್ಬನೇ ದೊಣೆಯ ಅಂಚಿಗೆ ಹೋಗಿ, ತಲೆಯ ರುಮಾಲು ಬಿಚ್ಚಿ ಇಳಿಬಿಟ್ಟ. ಅದನ್ನು ಹಿಡಿಯುವ ಕೈ ಮೇಲೆ ಬರಲಿಲ್ಲ.

ಊಟದ ಗಂಟೆ ಬಾರಿಸಲಿಲ್ಲ. ಬಾರಿಸುವವಳು ಇರಲಿಲ್ಲ. ಆದ್ದರಿಂದ ಯಾರೂ ಏಳಲಿಲ್ಲ. ಹೊತ್ತು ತಿರುಗಿತು. ಇಷ್ಟು ಚೆನ್ನಾಗಿ ತಾನು ಎಂದೂ ಕುಳಿತಿರಲಿಲ್ಲ ಎಂದು ವರ್ತಕನಿಗೆ ಅನಿಸಿತು. ಕೊನೆಗೆ ಹಸಿವು ತಾಳದೆ ಯಾರೋ ಎದ್ದರು. ಅವರ ಹಿಂದೆ ಉಳಿದವರೂ ಎದ್ದರು.

ಹೊರಗೆ ಬಂಡೆಯ ಮೇಲೆ ಅವಳನ್ನು ಮಲಗಿಸಲಾಗಿತ್ತು. ಮುಖಕ್ಕೆ ರುಮಾಲು ಹೊದಿಸಿತ್ತು. ಮೇಕೆ ಕಾಯುವವನು ಒದ್ದೆ ಬಟ್ಟೆಯಲ್ಲಿ ಪಕ್ಕದಲ್ಲಿ ಕುಳಿತಿದ್ದ. ಅವನು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವರ್ತಕ ಹಿರಿಯ ಭಿಕ್ಷುವಿನ ಮುಂದೆ ನಿಂತ. “ಭಂತೆ, ಅವಳು ಕೂಗಿದ್ದು ನನಗೆ ಕೇಳಿಸಿತು. ಎರಡು ಸಲವೂ ಕೇಳಿಸಿತು. ನೀವು ಹೇಳಿಕೊಟ್ಟಂತೆಯೇ ಮಾಡಿದೆ. ನಾನು ತಪ್ಪಿದ್ದು ಎಲ್ಲಿ?”

ಹಿರಿಯ ಭಿಕ್ಷು ಉತ್ತರ ಕೊಡಲಿಲ್ಲ. ವರ್ತಕ ಬರಿಗಾಲಲ್ಲೇ ಮೆಟ್ಟಿಲಿಳಿದು ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಅಷ್ಟು ತಿಳಿದವರು ಏಕೆ ಉತ್ತರ ಕೊಡಲಿಲ್ಲ, ಭಂತೆ?”

ಗುರುಗಳು ಹೇಳಿದರು: “ಬಾಗಿಲ ಪಕ್ಕದ ಮೊದಲ ಜೋಡಿ ಚಪ್ಪಲಿ ನನ್ನದು.”