ಸಾಲಿನ ತಲೆಯ ಬೊಟ್ಟು

“ಗುರುಗಳೇ, ಅಗಲದ ಓಲೆಯಲ್ಲಿರುವುದನ್ನು ಗಿಡ್ಡ ಓಲೆಗೆ ಇಳಿಸುವಾಗ ಓದಿ ನೋಡುವುದಾದರೂ ಏಕೆ?” ಎಂದು ಶಿಷ್ಯ ಕೇಳಿದ. “ಓಲೆ ಮುಗಿದಲ್ಲಿ ಸಾಲು ಮುರಿಯಬೇಕು, ಕೆಳಗೆ ಮುಂದುವರಿಸಬೇಕು. ಇಷ್ಟೇ ನಿಯಮ. ನಿಮ್ಮ ಬೋಧೆಯನ್ನೂ ನಡುವೆ ಬೊಟ್ಟಿಟ್ಟು ಬರೆದ ನನ್ನ ಪ್ರಶ್ನೆಗಳನ್ನೂ ಹೀಗೆಯೇ ಒಂದೇ ದಿನದಲ್ಲಿ ನಕಲು ಮಾಡಿದೆ.” ಅವನ ಮುಖದಲ್ಲಿ ಹೆಮ್ಮೆ ತುಂಬಿತ್ತು.

ಗುರುಗಳು ಹೇಳಿದರು:

ಒಬ್ಬ ಲಿಪಿಕಾರನಿದ್ದ. ಅವನ ಸಾಲು ನೂಲು ಹಿಡಿದಂತೆ ನೇರ. ಅದು ಅವನಿಗೂ ಗೊತ್ತಿತ್ತು, ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ.

ಆ ಸೀಮೆಯಲ್ಲಿ ಒಂದು ಪದ್ಧತಿ. ಬಂದ ಓಲೆಗೆ ಉತ್ತರ ಬರೆಯುವವರು ಮೊದಲು ಎದುರಿನವರ ಮಾತನ್ನು ಎತ್ತಿ ಬರೆದು, ಅದರ ಪ್ರತಿ ಸಾಲಿನ ತಲೆಗೂ ಒಂದು ಬೊಟ್ಟಿಡುತ್ತಿದ್ದರು. ಬೊಟ್ಟಿಲ್ಲದ್ದು ತಮ್ಮ ಮಾತು.

ಒಬ್ಬ ನೇಕಾರನ ಮಗಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ವರನ ತಂದೆ ಮಾನವಂತ. ಓಲೆ ಬರೆಸಿದ: “ನಮ್ಮ ಹುಡುಗ ಕಾಲೆಳೆದು ನಡೆಯುತ್ತಾನೆ. ಈ ಸಂಬಂಧ ಬೇಡವೆಂದರೆ ನಮಗೆ ಬೇಸರವಿಲ್ಲ.” ನೇಕಾರ ಮೊದಲೇ ಒಪ್ಪಿಗೆ ಕೊಟ್ಟಿದ್ದವನು. ಆ ಮಾತಿಗೆ ಬೊಟ್ಟಿಟ್ಟು ಕೆಳಗೆ ಉತ್ತರ ಬರೆದ: “ನಾವು ಆಡಿದ ಮಾತು ಆಡಿದ್ದೇ. ಬದಲಾಗದು.” ಶುದ್ಧಪ್ರತಿ ಮಾಡಲು ಲಿಪಿಕಾರನಿಗೆ ಕೊಟ್ಟ.

ಲಿಪಿಕಾರನ ಬಳಿ ಇದ್ದದ್ದು ಗಿಡ್ಡ ಓಲೆ. ಬೊಟ್ಟಿದ್ದ ಸಾಲು “ನಡೆಯುತ್ತಾನೆ” ಎಂಬಲ್ಲಿಗೆ ತುಂಬಿತು. ಉಳಿದದ್ದನ್ನು ಕೆಳಗಿನ ಸಾಲಿಗೆ ಇಳಿಸಿದ. ಮೂಲದಲ್ಲಿ ಒಂದೇ ಬೊಟ್ಟಿತ್ತು. ಅವನೂ ಒಂದನ್ನೇ ಇಟ್ಟ.

ವರನ ತಂದೆ ಓಲೆ ಓದಿದ. “ಈ ಸಂಬಂಧ ಬೇಡವೆಂದರೆ ನಮಗೆ ಬೇಸರವಿಲ್ಲ. ನಾವು ಆಡಿದ ಮಾತು ಆಡಿದ್ದೇ.” ತಲೆಗೆ ಬೊಟ್ಟಿಲ್ಲದ್ದರಿಂದ ಎಲ್ಲವೂ ನೇಕಾರನ ಮಾತಾಗಿ ಕಂಡಿತು. ಮಗನ ಕಾಲಿನ ಊನವನ್ನು ಮುಚ್ಚಿಡದೆ ಹೇಳಿದ್ದಕ್ಕೆ ಇದೇ ಮರ್ಯಾದೆಯೇ ಎಂದು ಅವನು ಕೆರಳಿದ. ತಾಂಬೂಲವನ್ನೂ ಆ ಓಲೆಯನ್ನೂ ಹಿಂದಿರುಗಿಸಿ, ಅದೇ ವಾರ ಬೇರೆ ಕಡೆ ಮಾತು ಮುಗಿಸಿದ.

ನೇಕಾರ ಓಲೆ ಹಿಡಿದು ಲಿಪಿಕಾರನ ಮನೆಗೆ ಬಂದ.

“ಒಂದಕ್ಷರ ಬಿಟ್ಟಿಲ್ಲ, ಒಂದಕ್ಷರ ಸೇರಿಸಿಲ್ಲ. ಒಂದು ಸಾಲು ಡೊಂಕಿದೆಯೇ, ತೋರಿಸು,” ಎಂದ ಲಿಪಿಕಾರ.

“ನೂಲೆಲ್ಲ ಸರಿಯಾಗಿಯೇ ಇದೆ ಸ್ವಾಮಿ,” ಎಂದ ನೇಕಾರ. “ಯಾರ ನೂಲು ಯಾವುದು ಅನ್ನೋದೇ ತಿಳಿಯದ ಹಾಗೆ ನೇಯ್ದುಬಿಟ್ಟಿರಿ. ಮನೆಯಲ್ಲಿ ಮಗಳು ಅಳ್ತಾ ಕೂತಿದ್ದಾಳೆ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕ. “ಎಂಥ ದಡ್ಡ! ಮುರಿದ ಸಾಲಿಗೂ ಬೊಟ್ಟಿಡಬೇಕೆಂದು ತಿಳಿಯದೇ ಹೋಯಿತೇ?”

ಗುರುಗಳು ಶಿಷ್ಯನ ಹೊಸ ಓಲೆಯನ್ನು ಅವನ ಕೈಗೇ ಕೊಟ್ಟು ಹೇಳಿದರು: “ಓದು ಮಗು, ಇದರಲ್ಲಿ ನಿನ್ನ ಸಂದೇಹ ಎಲ್ಲಿ ಮುಗಿದು ನನ್ನ ಬೋಧೆ ಎಲ್ಲಿ ಮೊದಲಾಗುತ್ತದೆ?”