ತಂಬೂರಿಯ ನೂಲೆಳೆ

ವಿದ್ವಾನ್ ಚೆಲುವನಾರಾಯಣಯ್ಯನವರು ತೀರಿಕೊಂಡ ಮೇಲೆ ಅವರ ಜೀವನಚರಿತ್ರೆ ಬರೆಯಲು ಲೇಖನಿಯೊಂದು ಮನೆಗೆ ಬಂತು. ಸನ್ಮಾನದ ಶಾಲುಗಳು ಹೇಳಿದ್ದನ್ನೆಲ್ಲ ಬರೆದುಕೊಂಡು ತಂಬೂರಿಯತ್ತ ತಿರುಗಿತು. ತಂತಿಗಳ ಕೆಳಗೆ ನೂಲೆಳೆಗಳು ಕಂಡವು.

“ಇಂಥ ವಾದ್ಯದ ಮೇಲೆ ಕಸವೇ?” ಎಂದು ಮೊನೆಯಿಂದ ಕೆಡವಿತು.

“ಅಯ್ಯಾ, ನಮ್ಮನ್ನೂ ಒಂದು ಮಾತು ಕೇಳಬಾರದೇ?” ಎಂದವು ಎಳೆಗಳು.

“ನೀವು ಯಾವ ಸಭೆಯಲ್ಲಿ ಹಾಡಿದ್ದೀರಿ?”

“ಹಾಡಿಲ್ಲ.”

“ಹಾಗಾದರೆ ಗ್ರಂಥದಲ್ಲಿ ನಿಮಗೇನು ಕೆಲಸ?”

ಗ್ರಂಥ ಬಿಡುಗಡೆಯ ದಿನ ಶಿಷ್ಯರು ತಂಬೂರಿ ಮೀಟಿದರು. ಬಿರಡೆ ಎಷ್ಟು ತಿರುವಿದರೂ ತಂತಿ ಮೊಂಡಾಗಿ ಟಣ್ ಎಂದಿತೇ ಹೊರತು ನಾದ ಏಳಲಿಲ್ಲ. ಆಗ ವಿದ್ವಾಂಸರ ಹೆಂಡತಿ ಪುಟ್ಟಗೌರಮ್ಮ ಎದ್ದು ಬಂದು, ಗಂಡನ ಪ್ರತಿ ಕಚೇರಿಗೂ ಮುನ್ನ ಮಾಡುತ್ತಿದ್ದಂತೆ, ತಮ್ಮ ಸೆರಗಿನ ಎಳೆ ಕಿತ್ತು ತಂತಿಗಳ ಕೆಳಗೆ ಸೇರಿಸಿದರು. ಝೇಂಕಾರ ಸಭೆಯನ್ನೆಲ್ಲ ತುಂಬಿತು.

ಲೇಖನಿ ತನ್ನ ಗ್ರಂಥವನ್ನು ತಡಕಾಡಿತು. ಶಾಲುಗಳ ಬಣ್ಣವೂ ಅದರಲ್ಲಿತ್ತು. ಆಕೆಯ ಹೆಸರೇ ಇರಲಿಲ್ಲ.